ಬಸಗೊಂಡನ ಹೆಬ್ಬೆಟ್ಟು

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡಿರುವ ನಿವೃತ್ತ ಪ್ರಾಧ್ಯಾಪಕ ಡಾಕ್ಟರ್ ಸತೀಶಕುಮಾರರು ಸ್ವಂತ ಕೈಯಿಂದ ಮಾಡುತ್ತಿದ್ದ ಬರವಣಿಗೆ ಒಂದೇ, ಸಹಿ. ಉಳಿದದ್ದೆಲ್ಲ ಹೆಂಡತಿ ವಿಜಯಲಕ್ಷ್ಮಿಯ ಪಾಲು. ಬಬಲೇಶ್ವರದ ಬಸಗೊಂಡ ಕವಿಯ ಮೇಲೆ ಸಾಹೇಬರಿಗೆ ಡಾಕ್ಟರೇಟ್ ತಂದ ಪ್ರಬಂಧವನ್ನೂ ಆಕೆಯೇ ಬರೆದಿದ್ದಳು. ಸಾಹೇಬರು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ "ಹೂಂ, ಮುಂದ" ಅನ್ನುತ್ತಿದ್ದರು. ಮುನ್ನುಡಿಯಲ್ಲಿ ಆಕೆಗೆ ಸಂದದ್ದು ಒಂದೇ ಸಾಲು: "ಹೊತ್ತುಹೊತ್ತಿಗೆ ಚಹಾ ಕೊಟ್ಟ ಮಡದಿಗೆ." ಅದನ್ನೂ ಆಕೆಯ ಕೈಯಿಂದಲೇ ಬರೆಸಿದ್ದರು. ವರ್ಷಗಳು ಕಳೆದರೂ ಆ ಸಾಲಿನ ಹೊಟ್ಟೆಯುರಿ ಆಕೆಗೆ ಆರಿರಲಿಲ್ಲ.

ಕವಿಯ ಬಗ್ಗೆ ತಿಳಿದಿದ್ದಾದರೂ ಎಷ್ಟು? ನೂರು ವರ್ಷದ ಹಿಂದೆ ಅಚ್ಚಾದ ತೆಳ್ಳಗಿನ ಹಾಡಿನ ಪುಸ್ತಕ. ರಟ್ಟಿನ ಮೇಲೆ ಬರೆದವರ ಹೆಸರಿಲ್ಲ. ಪ್ರತಿ ಹಾಡಿನ ಕೊನೆಗೆ ಮಾತ್ರ "ಬಬಲೇಶ್ವರದ ಬಸಗೊಂಡ" ಎಂದಿತ್ತು. ಅದೇ ಕವಿಯ ಅಂಕಿತ ಎಂದು ಎಲ್ಲರೂ ನಂಬಿದ್ದರು. ಈಗ ಊರವರು ಕವಿಯ ಹೆಸರಲ್ಲಿ ಕಲ್ಲು ನಿಲ್ಲಿಸಲು ಹೊರಟಾಗ, ಎರಡು ಮನೆತನಗಳು ಬಸಗೊಂಡ ನಮ್ಮವನು ಎಂದು ಜಗಳಕ್ಕೆ ನಿಂತವು. ಹಳೆಯ ಮೃತ್ಯುಪತ್ರಗಳನ್ನು ನೋಡಿದರೆ ಹಾಡಿನ ಪುಸ್ತಕ ಯಾರ ಮನೆಯದೆಂದು ತಿಳಿದೀತು ಎಂದವಳು ವಿಜಯಲಕ್ಷ್ಮಿ. ಅದು ತಮಗೇ ಹೊಳೆದದ್ದೆಂದು ಸಾಹೇಬರು ಊರಿಗೆಲ್ಲ ಫೋನ್ ಮಾಡಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವರಿಗೆ ಇನ್ನೊಬ್ಬರು ಹೆತ್ತದ್ದೂ ಮುದ್ದು.

ಆಸ್ತಿಪತ್ರ ಬರೆದುಕೊಡುವ ಟಿಕೋಟಾದ ಬಾಂಡ್ ರೈಟರ್ ಮುನಾಫ ವಿಜಯಪುರದ ನೋಂದಣಿ ಕಚೇರಿಗೆ ಅಲೆದು ಎರಡು ನಕಲು ತಂದುಕೊಟ್ಟ. ಓದುವ ಕೆಲಸ ಎಂದಿನಂತೆ ವಿಜಯಲಕ್ಷ್ಮಿಯದು. ಮೊದಲನೆಯದು ಬಬಲೇಶ್ವರದ ಬಸಗೊಂಡಪ್ಪನ ಮೃತ್ಯುಪತ್ರ. ಹೊಲ, ಎತ್ತು, ಬಾವಿಯ ಪಾಲು ಆದಮೇಲೆ, "ಮನೆಯಲ್ಲಿರುವ ಹಾಡಿನ ಪುಸ್ತಕಗಳು ಹೆಂಡತಿಯವು, ಯಾರೂ ತಕರಾರು ಮಾಡಬಾರದು" ಎಂದಿತ್ತು. ಕೆಳಗೆ, ಓದುಬರಹ ಬಾರದ್ದರಿಂದ ಎಡಗೈ ಹೆಬ್ಬೆಟ್ಟು. ಎರಡನೆಯದು ಅವನ ಹೆಂಡತಿ ಗುರುಬಸವ್ವನದು. ಗಂಡ ತೀರಿದ ಮೇಲೆ ಆಕೆ ತವರೂರು ಟಿಕೋಟಾದಲ್ಲಿ ಬರೆಸಿದ್ದು: "ನಾನು ಕಟ್ಟಿ ಅಚ್ಚು ಹಾಕಿಸಿದ ಹಾಡಿನ ಪುಸ್ತಕಗಳು ಗೆಳತಿ ದಾವಲಬಿಗೆ ಸೇರತಕ್ಕವು." ಕೆಳಗೆ ಸಹಿ.

ವಿಜಯಲಕ್ಷ್ಮಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳದ ಹೆಂಗಸರು, ಅದನ್ನು ಪ್ರಾಸದ ಸಾಲಿಗೆ ಪೋಣಿಸಿ ಒಡಪು ಹೇಳುವುದು ಈ ಸೀಮೆಯ ಪ್ರತಿ ಮದುವೆಯಲ್ಲೂ ಇದ್ದದ್ದೆ. ಆಕೆಯೂ ತನ್ನ ಮದುವೆಯಲ್ಲಿ ಹೇಳಿದ್ದಳು. ಗುರುಬಸವ್ವ ಮಾಡಿದ್ದೂ ಅದನ್ನೇ, ಹಾಡಿನ ಕೊನೆಗೆ ಗಂಡನ ಹೆಸರು ಇಟ್ಟಿದ್ದಳು. ಅದನ್ನು ಅಂಕಿತವೆಂದು ಪುಟಗಟ್ಟಲೆ ಬರೆದವಳು ತಾನು.

"ಹಾಡು ಕಟ್ಟಿದಾಕಿ ಗುರುಬಸವ್ವರೀ," ಎಂದಳು. "ಕಲ್ಲಿನ ಮ್ಯಾಲ ಆಕಿ ಹೆಸರು ಬರಬೇಕು."

"ಹುಚ್ಚು ಹಿಡದೈತೇನ ನಿನಗ? ನನ್ನ ಡಾಕ್ಟರೇಟ್ ಗತಿ ಏನು?" ಸಾಹೇಬರು ಎರಡನೆಯ ನಕಲನ್ನು ಕಪಾಟಿಗೆ ಹಾಕಿ ಕೀಲಿ ಜಡಿದರು. "ಹೆಬ್ಬೆಟ್ಟು ಯಾಕ ಅಂದ್ರ, ಅವತ್ತ ಕವಿಯ ಕೈ ಉಳುಕಿತ್ತು. ಭಾಷಣದಾಗ ಹಂಗ ಬರಿ."

ಆಕೆ ಬರೆಯಲಿಲ್ಲ. ಸಾಹೇಬರು ಬೆವರು ಸುರಿಸಿ ತಾವೇ ಒಂದು ಪುಟದ ಭಾಷಣ ಬರೆದರು. ಅದರಲ್ಲಿ ಅರ್ಧ ಪುಟ ಉಳುಕಿದ ಕೈಯದು.

ಬಬಲೇಶ್ವರದಲ್ಲಿ ಆ ಭಾಷಣ ಮುಗಿದು, "ಕವಿ ಬಸಗೊಂಡ" ಎಂದು ಕೆತ್ತಿದ ಕಲ್ಲಿನ ಪರದೆ ಸರಿಯಿತು. ಸಾಹೇಬರಿಗೆ ಶಾಲು, ಹಾರ, ರುಮಾಲು. ಗಂಡ ಹೆಂಡತಿಯನ್ನು ಜೋಡಿಯಾಗಿ ಕೂಡಿಸಿ ಹೆಂಗಸರು ಆರತಿ ಎತ್ತಿದರು. ಅವರಲ್ಲಿ ಹಿರಿಯಳಾದ ಬೋರವ್ವ ಮೈಕನ್ನು ವಿಜಯಲಕ್ಷ್ಮಿಯ ಬಾಯಿಗೆ ಹಿಡಿದಳು.

"ಒಡಪು ಹೇಳ್ರಿ ಅಕ್ಕಾರ. ಹೆಸರು ಹೇಳದ ಬಿಡಂಗಿಲ್ಲ."

"ಹೇಳು, ಸಣ್ಣದೊಂದು ಹೇಳಿಬಿಡು," ಎಂದು ಸಾಹೇಬರು ಹಾರ ಸರಿಮಾಡಿಕೊಂಡು ನಕ್ಕರು.

ವಿಜಯಲಕ್ಷ್ಮಿ ಎದ್ದು ನಿಂತಳು.

"ಹೆಬ್ಬೆಟ್ಟು ಒತ್ತಿದಾಂವ ಕವಿ ಆದ, ಹಾಡು ಕಟ್ಟಿದ ಗುರುಬಸವ್ವ ಒಲಿ ಮುಂದ ಕುಂತ್ಳು;
ಸತೀಶಕುಮಾರರು ಡಾಕ್ಟರ್ ಆದ್ರು, ಪುಸ್ತಕ ಬರದಾಕಿ ನಿಮ್ಮ ಮುಂದ ನಿಂತ್ಳು."

ಮೊದಲು ಅರ್ಥವಾದದ್ದು ಹೆಂಗಸರಿಗೆ. ಸಾಹೇಬರ ನಗು ಮುಖದ ಮೇಲೆಯೇ ಒಣಗಿತು. ಅವರು ಮೈಕಿಗೆ ಕೈ ಚಾಚಿದರು, ಬೋರವ್ವ ಕೊಡಲಿಲ್ಲ.

"ಇನ್ನೊಮ್ಮೆ ಹೇಳ್ರಿ ಅಕ್ಕಾರ," ಎಂದಳು. "ಹಿಂದ ಕುಂತವರಿಗೆ ಕೇಳಿಲ್ಲ."