ಜ್ವರ ಇಳಿಯದ ಹಾಗೆ

ಹುಣಸೂರಿನಲ್ಲಿ ನನಗೆ ಲ್ಯಾಪ್‌ಟಾಪ್ ಮಾರಿದ ಅಂಗಡಿಯವರು ಎಂಥ ಜಗಳಕ್ಕೂ ಒಂದೇ ಮಾತು ಹೇಳುತ್ತಿದ್ದರು: "ವಾದ ಬುಡಿ, ತೋರ್ಸವ." ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದ ನನಗೆ ಅದು ಸೋತವರ ಮಾತೆನಿಸುತ್ತಿತ್ತು.

ಲ್ಯಾಪ್‌ಟಾಪ್ ಬಿಸಿಯಾದಾಗ ಮಾತ್ರ ಪರದೆ ತುಂಬ ಗೆರೆ ಬೀಳುತ್ತಿತ್ತು. ಮೈಸೂರಿನ ಸರ್ವಿಸ್ ಸೆಂಟರ್ ತಲುಪುವಷ್ಟರಲ್ಲಿ ತಣ್ಣಗಾಗಿ ಸರಿಹೋಗುತ್ತಿತ್ತು. ನಾನು ಎಷ್ಟು ವಾದಿಸಿದರೂ ಅಲ್ಲಿಯವರು ದೋಷವಿಲ್ಲವೆಂದೇ ವಾಪಸು ಕಳಿಸುತ್ತಿದ್ದರು.

ವಾರಂಟಿಯ ಕೊನೆಯ ದಿನ ಅಂಗಡಿಯವರೇ ಜೊತೆಗೆ ಬಂದರು. ಬಸ್ಸಿನಲ್ಲಿ ಅದನ್ನು ಚಾಲೂ ಇಟ್ಟು, ಕಂಬಳಿ ಸುತ್ತಿ ಎದೆಗವಚಿಕೊಂಡಿದ್ದರು. ಪಕ್ಕದ ಅಜ್ಜಿ ಕಂಬಳಿ ಮುಟ್ಟಿ, "ಸುಡ್ತಾ ಅದಲ್ಲಪ್ಪಾ! ಮಗೀಗೆ ಜ್ವರವಾ?" ಎಂದಳು.

"ಊಂ ಕಣವ್ವ. ಡಾಕ್ಟ್ರು ನೋಡಗಂಟ ಇಳೀಬಾರ್ದು."

"ಎಂತಾ ಅಪ್ಪನ್ಲಾ ನೀನು!"

ಸರ್ವಿಸ್ ಸೆಂಟರಿನಲ್ಲಿ ಕಂಬಳಿ ಬಿಚ್ಚಿದಾಗ ಪರದೆ ತುಂಬ ಗೆರೆಗಳಿದ್ದವು. ರಿಪೇರಿಗೆ ಒಪ್ಪಿ ಇಟ್ಟುಕೊಂಡರು.

ನಾನು ಕುಣಿಯುತ್ತಿದ್ದೆ. ಅಂಗಡಿಯವರು ಖಾಲಿ ಕಂಬಳಿ ಮಡಿಸುತ್ತಾ, "ಆ ಅವ್ವಂಗೆ ನಿಜ ಹೇಳ್ಬೇಕಿತ್ತು ಕಣ್ರೀ. ಮಗ ಏನಾಯ್ತೋ ಅಂತ ಕೊರಗ್ತಿರ್ತಾಳೆ," ಎಂದು ಹುಣಸೂರು ಮುಟ್ಟುವವರೆಗೂ ಚಡಪಡಿಸಿದರು.