ಸೊಸೈಟಿಯ ಕಂಪ್ಯೂಟರಿನ ವೇಗ ಇಳಿದ ಸಂಗತಿ

ನಾನು ನಿಂತಿದ್ದದ್ದು ಸೊಸೈಟಿ ಕಚೇರಿಯ ಒಳಗೆ, ಬಾಗಿಲ ಎಡಗಡೆಯ ಗೋಡೆಗೆ ಹತ್ತಿಕೊಂಡು. ಕಂಪ್ಯೂಟರ್ ಇದ್ದ ಮೇಜು ನನ್ನಿಂದ ಒಂದು ತೋಳಿನಷ್ಟು ದೂರದಲ್ಲಿತ್ತು. ಭತ್ತ ತೆನೆ ಬಿಡುತ್ತಿದ್ದ ದಿನಗಳ ಒಂದು ಸೋಮವಾರ, ಮಧ್ಯಾಹ್ನದ ಊಟ ಮುಗಿದು ಕಚೇರಿ ಮತ್ತೆ ತೆರೆದ ಹೊತ್ತು. ಊರು ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಮಗ್ಗುಲಲ್ಲಿದೆ. ಹೆಸರು ಬೇಡ.

ಆಗ ನನ್ನದು ಶಹಾಪುರದ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ. ಬಿಡಿಭಾಗ ಬೇಕಾದರೆ ಯಾದಗಿರಿಗೆ ಹೋಗಿ ಬರುತ್ತಿದ್ದೆ. ಈ ಸೊಸೈಟಿ ರೈತರಿಗೆ ಗೊಬ್ಬರ, ಬೀಜ ಕೊಡುತ್ತಿತ್ತು. ರಸೀದಿಗಳೆಲ್ಲ ಕಂಪ್ಯೂಟರಿನಲ್ಲಿಯೇ ಆಗುತ್ತಿದ್ದವು. ಅದರ ಮುಂದೆ ಕೂರುತ್ತಿದ್ದವಳು ಅದೇ ಊರಿನ ಹೆಣ್ಣುಮಗಳು. ಮನೆಯವರೆಲ್ಲ ಹೊಲದ ಕೂಲಿಗೆ ಹೋಗುವವರು. ಆ ಮನೆಯಿಂದ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವಳು ಇವಳೊಬ್ಬಳೇ. ಕೆಲಸ ಖಾಯಂ ಅಲ್ಲ. ಬೇಡವೆಂದರೆ ಅಂದೇ ಎದ್ದು ಹೋಗಬೇಕು.

ದೂರು ಇದ್ದದ್ದು ಇಷ್ಟು: ರಸೀದಿ ಬಹಳ ನಿಧಾನ, ಸಾಲು ರಸ್ತೆಯವರೆಗೆ ಬೆಳೆಯುತ್ತದೆ. ಕಚೇರಿಯ ಜವಾನ, ನನಗಿಂತ ಬಹಳ ಹಿರಿಯ ಮನುಷ್ಯ, ಕಂಪ್ಯೂಟರಿನ ಪೆಟ್ಟಿಗೆಯನ್ನು ಎರಡು ಸಲ ಬಸ್ಸಿನಲ್ಲಿ ಶಹಾಪುರಕ್ಕೆ ತಂದಿದ್ದ. ನಾನು ಎರಡು ಸಲವೂ ಬಿಚ್ಚಿ ನೋಡಿದ್ದೆ. ಧೂಳು ಊದಿದೆ, ಪ್ರೊಸೆಸರಿನ ಬಿಸಿ ಎಳೆಯಲು ಅದರ ಮೇಲೆ ಹಚ್ಚುವ ಪೇಸ್ಟ್ ಬದಲಿಸಿದೆ, ವೈರಸ್ ಹುಡುಕಿದೆ, ವಿದ್ಯುತ್ ಉಳಿಸುವ ಸೆಟ್ಟಿಂಗ್ ಹಾಕಿದ್ದಾರೇನೋ ಎಂದು ನೋಡಿದೆ. ಏನೂ ಸಿಗಲಿಲ್ಲ. ಕೆಲಸವಿಲ್ಲದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದು ದೋಷವಲ್ಲ. ಆದ್ದರಿಂದ ಭಾರದ ಕೆಲಸ ಕೊಟ್ಟು ಅಳೆದೆ. ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯಲ್ಲಿ ಬರೆದಿದ್ದ ಮೂರು ಗಿಗಾಹರ್ಟ್ಸ್ ವೇಗವನ್ನು ಪೂರ್ತಿ ತೋರಿಸಿತು. ಜವಾನನಿಗೆ, "ಮಿಷಿನ್ ಚೊಲೊ ಐತಿ ಕಾಕಾ," ಎಂದು ಹೇಳಿ ಕಳಿಸಿದೆ.

ಆ ಮಾತು ಊರಿಗೆ ಹೋಗುವಷ್ಟರಲ್ಲಿ ಬೇರೆಯೇ ಆಗಿತ್ತು. ಮಿಷಿನ್ ಚೆನ್ನಾಗಿದ್ದರೆ ನಿಧಾನ ಇರುವುದು ಆ ಹೆಣ್ಣುಮಗಳ ಕೈ ಎಂದು ಸೊಸೈಟಿಯ ಕಾರ್ಯದರ್ಶಿ ಲೆಕ್ಕ ಹಾಕಿದ್ದರು. ಅವರ ಸಂಬಂಧಿಕರ ಪೈಕಿ ಒಬ್ಬ ಕೆಲಸಕ್ಕೆ ತಯಾರಾಗಿದ್ದ. ಸೋಮವಾರ ಅಧ್ಯಕ್ಷರು ಬರುತ್ತಾರೆ, ಅವರ ಮುಂದೆ ಇದೇ ಮಾತು ಹೇಳಿ ಹೋಗಿ ಎಂದು ನನಗೆ ಫೋನ್ ಬಂತು. ಆಕೆಯನ್ನು ತೆಗೆಯುವುದಕ್ಕೆ ನನ್ನ ಮಾತು ಬೇಕಾಗಿದೆ ಎಂಬುದು ಕರೆದೊಯ್ಯಲು ಬಂದ ಜವಾನ ದಾರಿಯಲ್ಲಿ ಹೇಳಿದಾಗಲೇ ತಿಳಿದದ್ದು. ನಾನು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಅದನ್ನು ಹಿಂತೆಗೆದುಕೊಳ್ಳುವ ದಾರಿ ಕಾಣಲಿಲ್ಲ.

"ಬರ್ರಿ ಇಂಜಿನಿಯರ್ ಸಾಹೇಬ್ರ," ಎಂದರು ಕಾರ್ಯದರ್ಶಿ. ನಾನು ಇಂಜಿನಿಯರ್ ಅಲ್ಲ. "ಅಧ್ಯಕ್ಷರ ಮುಂದ ಒಂದ ಮಾತು ಹೇಳಿಬಿಡ್ರಿ. ಮಿಷಿನ್ ಚೊಲೊ ಐತೋ ಇಲ್ಲೋ?"

"ನಮ್ಮ ಅಂಗಡ್ಯಾಗ ಚೊಲೊ ಇತ್ತರಿ. ಇಲ್ಲಿ ಇನ್ನಾ ನೋಡಿಲ್ಲ."

"ಶಹಾಪುರದಾಗ ಚೊಲೊ ಇದ್ದದ್ದು ಇಲ್ಲಿ ಬಂದ ಕೂಡ್ಲೆ ಕೆಡತೈತೇನು? ಬಸ್ಸಿನ್ಯಾಗ ವಾಂತಿ ಮಾಡ್ಕೊಂತೇನು?"

ಸಾಲಿನಲ್ಲಿದ್ದ ರೈತರು ನಕ್ಕರು. ಆಕೆ ನಗಲಿಲ್ಲ. "ನೋಡಾಕ ಬಂದಾರ, ನೋಡಲಿ ಬಿಡ್ರಿ ಸರ್," ಎಂದು ಕುರ್ಚಿ ಬಿಟ್ಟು ಎದ್ದಳು.

ಅಧ್ಯಕ್ಷರು ವಯಸ್ಸಾದ ರೈತರು. ಹಣೆಯ ತುಂಬ ವಿಭೂತಿ. "ಓಲ್ಟೇಜ್ ಇಲ್ಲಪಾ ಇಲ್ಲಿ," ಎಂದರು. "ನಮ್ಮ ಹೊಲದ ಮೋಟಾರೂ ಸಂಜಿ ಆತಂದ್ರ ಹಿಂಗ ಮುಲುಗತೈತಿ." ಪ್ರೊಸೆಸರ್ ಪಂಪಿನ ಮೋಟಾರಿನಂತಲ್ಲ, ಕರೆಂಟ್ ಸಾಲದಿದ್ದರೆ ನಿಧಾನವಾಗುವ ಬದಲು ನಿಂತೇ ಹೋಗುತ್ತದೆ ಎಂದು ಹೇಳಿದೆ. ಪೆನ್ ಡ್ರೈವ್ ಹಾಕಿ, ವೇಗ ಮತ್ತು ಬಿಸಿ ಎರಡನ್ನೂ ತೋರಿಸುವ ಪುಟ್ಟ ಪ್ರೋಗ್ರಾಂ ತೆರೆದೆ. ಅಂಗಡಿಯಲ್ಲಿ ಕೊಟ್ಟ ಭಾರದ ಕೆಲಸವನ್ನೇ ಬಿಡದೆ ನಡೆಯುವಂತೆ ಹಚ್ಚಿದಾಗ ವೇಗ ಒಂದು ಗಿಗಾಹರ್ಟ್ಸಿನ ಆಸುಪಾಸಿನಲ್ಲಿ ನಿಂತಿತು. ಬಿಸಿ ಮಾತ್ರ ತುದಿ ಮುಟ್ಟಿತ್ತು. ಅಷ್ಟು ಬಿಸಿಯಾದರೆ ಪ್ರೊಸೆಸರ್ ಸುಟ್ಟುಹೋಗದಿರಲೆಂದು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ.

ಪೆಟ್ಟಿಗೆ ನೋಡಬೇಕೆಂದು ಮೇಜಿನ ಕೆಳಗೆ ಬಗ್ಗಿದೆ. ಅಲ್ಲಿ ಬಟ್ಟೆಯ ಗಂಟೊಂದಿತ್ತು. ಬಾಗಿಲ ಹತ್ತಿರ ನಿಂತಾಗಲೂ ಅದನ್ನು ಕಂಡಿದ್ದೆ, ಯಾರದೋ ಸಾಮಾನು ಅಂದುಕೊಂಡಿದ್ದೆ. ಗಂಟಲ್ಲ, ಕೌದಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಒತ್ತೊತ್ತಾಗಿ ಹೊಲಿದದ್ದು, ಪೆಟ್ಟಿಗೆಯ ಅಳತೆಗೆ ಸರಿಯಾಗಿ, ಅಂಗಿ ತೊಡಿಸಿದಂತೆ. ಮುಂದೆ ಬಟನ್ ಒತ್ತಲು ಒಂದು ತೂತು, ಹಿಂದೆ ವೈರುಗಳಿಗೆ ಒಂದು ಸೀಳು. ಅಂಗೈ ಇಟ್ಟೆ. ಜ್ವರ ಬಂದ ಮೈ ಮುಟ್ಟಿದಂತಿತ್ತು.

"ಇದನ್ನ ಯಾವಾಗ ಹಾಕಿದಿ ತಂಗಿ?"

"ಹ್ವಾದ ಬೆಳಿಗಿರಿ. ಭತ್ತದ ಹುಳ ಬಂದಾಗ."

ಕಾಲುವೆ ಬಂದ ಮೇಲೆ ಈ ಕಡೆ ಎಲ್ಲ ಭತ್ತ. ತೆನೆ ಬಿಡುವ ಹೊತ್ತಿಗೆ, ದೀಪ ಹಚ್ಚಿದರೆ ಸಾಕು, ಹಸಿರು ಹುಳ ಟ್ಯೂಬ್‌ಲೈಟಿಗೆ ಮುತ್ತುತ್ತವೆ. ಬೆಳಿಗ್ಗೆ ಗುಡಿಸಿ ಬುಟ್ಟಿಯಲ್ಲಿ ಹೊರಗೆ ಚೆಲ್ಲಬೇಕು. ಹಿಂದಿನ ಬೆಳೆಯಲ್ಲಿ ಅವು ಪೆಟ್ಟಿಗೆಯೊಳಗೆ ಹೋಗಿ ಫ್ಯಾನಿನಲ್ಲಿ ಸಿಕ್ಕಿ, ಕಂಪ್ಯೂಟರ್ ನಿಂತುಬಿಟ್ಟಿತ್ತು. ಆಕೆ ಬೈಸಿಕೊಂಡಿದ್ದಳು. ಅದರ ಮರುವಾರವೇ ಅವ್ವನ ಸೀರೆ ತಂದು ಕೌದಿ ಹೊಲಿದಿದ್ದಳು.

"ಶಹಾಪುರಕ್ಕ ಕಳಸುವಾಗ ಇದು ಇರಲಿಲ್ಲಲ್ಲ?"

"ಬಸ್ಸಿನ್ಯಾಗ ಹೊಲಸಾಗತೈತಂತ ತಗದು, ಒಗದು, ಮಡಚಿ ಇಡತಿದ್ನಿರಿ. ಕಾಕಾ ತಿರುಗಿ ತಂದ ಮ್ಯಾಲ ಹೊಚ್ಚತಿದ್ದೆ."

ನಾನು ಕೌದಿ ಸರಿಸಿದೆ. ಬಿಸಿ ಗಾಳಿ ನನ್ನ ಮುಖಕ್ಕೆ ಬಡಿಯಿತು. ಎಲ್ಲರೂ ಪರದೆ ನೋಡುತ್ತ ನಿಂತರು. ಬಿಸಿ ಮೆಲ್ಲಗೆ ಇಳಿಯಿತು, ವೇಗ ಏರತೊಡಗಿತು, ಜವಾನ ಚಹಾ ತರುವಷ್ಟರಲ್ಲಿ ಮೂರಕ್ಕೆ ಮುಟ್ಟಿತು.

"ಆತು ಬಿಡ್ರಿ," ಎಂದು ಕಾರ್ಯದರ್ಶಿ ಕೈ ಕೊಡವಿದರು. "ತಾನ ಸರಿ ಆತು. ನೀವು ಬಂದ್ರಿ ಅಂತ ಹೆದರೇತಿ."

ಆಗ ಆಕೆ ಮಾಡಿದ್ದನ್ನು ನಾನು ನನ್ನ ಕಣ್ಣಾರೆ ಕಂಡೆ. ಮೇಜಿನ ಕೆಳಗೆ ಕೂತು, ಕೌದಿಯನ್ನು ಮತ್ತೆ ಪೆಟ್ಟಿಗೆಗೆ ತೊಡಿಸಿದಳು. ನಾಲ್ಕೂ ಮೂಲೆ ಎಳೆದು ಸರಿಮಾಡಿದಳು. "ಇನ್ನೊಮ್ಮಿ ನೋಡ್ರಿ," ಎಂದಳು. "ನಾಳೆ ತಾನ ಸರಿ ಆಗಿತ್ತು ಅಂತ ಯಾರೂ ಅನಬಾರದು."

ಕಾದೆವು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡರು. ಚಹಾ ಆರಿತು. ಬಿಸಿ ಏರಿತು, ಮೂರರಲ್ಲಿದ್ದ ವೇಗ ಜಾರುತ್ತ ಜಾರುತ್ತ ಮತ್ತೆ ಒಂದರ ಹತ್ತಿರಕ್ಕೆ ಬಂತು.

"ಅಂದ್ರ ತಪ್ಪು ಆಕೀದ ಆತಲ್ರಿ," ಎಂದರು ಕಾರ್ಯದರ್ಶಿ.

"ಕೌದಿ ಹೊಲದದ್ದು ನಂದ ತಪ್ಪುರಿ," ಎಂದಳು ಆಕೆ. ದನಿ ಏರಲಿಲ್ಲ. "ಕೈ ನಿಧಾನ ಅಂದ್ರಲ್ಲ, ಅದು ನಂದಲ್ಲ."

ಅಧ್ಯಕ್ಷರು ತಾವೇ ಬಗ್ಗಿ ಕೌದಿ ಎಳೆದು ತೆಗೆದರು. ಸ್ವಲ್ಪ ಹೊತ್ತು ಬಿಟ್ಟು, ಸಾಲಿನ ಮೊದಲಿಗನನ್ನು ಕರೆದರು. ಆಕೆ ಕೂತು ರಸೀದಿ ಮಾಡಿದಳು. ಅಧ್ಯಕ್ಷರು ಆಕೆಯ ಬೆರಳನ್ನೇ ನೋಡುತ್ತಿದ್ದರು. ಮೊದಲನೆಯವ ಚೀಲ ಹೆಗಲಿಗೇರಿಸುವಷ್ಟರಲ್ಲೇ ಎರಡನೆಯವನ ಕಾಗದವೂ ಹೊರಗೆ ಬಂದಿತ್ತು.

"ಏ, ನಮಗ ಗೊಬ್ಬರ ಎತ್ತಾಕೂ ಪುರಸತ್ತು ಕೊಡವೊಲ್ಲಿ ಯವ್ವಾ!" ಎಂದು ಮೊದಲನೆಯವ ಚೀಲ ಎತ್ತುತ್ತ ಕೂಗಿದ.

ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿದರು. "ನಿಮ್ಮ ಸಂಬಂಧಿಕಗ ಕೆಲಸಕ್ಕ ಬರೂದು ಬ್ಯಾಡ ಅನ್ರಿ. ಕಿಟಕಿಗೆ ಸೊಳ್ಳಿ ಜಾಳಿ ಬಡಸ್ರಿ, ಹುಳಾ ಹೊರಗ ಉಳೀತಾವ." ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಆಕೆ ಇಂದಿಗೂ ಅದೇ ಸೊಸೈಟಿಯಲ್ಲಿದ್ದಾಳೆ, ಈಗ ಖಾಯಂ. ಈಚೆಗೆ ಸುರಪುರದ ಹೋಟೆಲೊಂದರಲ್ಲಿ ಇಬ್ಬರು ಮಾತಾಡುತ್ತಿದ್ದುದನ್ನು ಕೇಳಿದೆ: ಆ ದಿನ ಆಕೆ ಅಧ್ಯಕ್ಷರ ಕಾಲು ಹಿಡಿದು ಅತ್ತು ಕೆಲಸ ಉಳಿಸಿಕೊಂಡಳಂತೆ. ಆಕೆ ಅಳಲಿಲ್ಲ. ಯಾರ ಕಾಲನ್ನೂ ಹಿಡಿಯಲಿಲ್ಲ. ನಾನು ಅಲ್ಲೇ ಇದ್ದೆ.

ಅಧ್ಯಕ್ಷರು ತೀರಿಕೊಂಡಿದ್ದಾರೆ. ಜವಾನನೂ ಇಲ್ಲ. ನನ್ನ ಮಾತು ನಂಬದವರು ಕೇಳಿ ನೋಡಬಹುದು: ಕಂಡವರಲ್ಲಿ, ಆಕೆಯನ್ನೂ ನನ್ನನ್ನೂ ಬಿಟ್ಟರೆ, ಬದುಕಿದ್ದಾರೆಂದು ನನಗೆ ಗೊತ್ತಿರುವವರು ಇಬ್ಬರು. ಚೀಲ ಹೆಗಲಿಗೇರಿಸುತ್ತ ಕೂಗಿದ ಆ ರೈತ, ಅದೇ ಊರಿನ ಕಾಲುವೆ ದಂಡೆಯ ಮನೆಯಲ್ಲಿದ್ದಾನೆ. ಇನ್ನೊಬ್ಬರು ಆಗಿನ ಕಾರ್ಯದರ್ಶಿ. ನಿವೃತ್ತರಾಗಿ ಯಾದಗಿರಿಯಲ್ಲಿ ಮಗಳ ಮನೆಯಲ್ಲಿದ್ದಾರೆ.