ಎರಡು ಡಬ್ಬಿ, ಒಂದು ಗಂಟು

ಲ್ಯಾಬಿನ ಡಾಕ್ಟರು ಫೋನಿನಲ್ಲಿ ಕೇಳಿದ ಪ್ರಶ್ನೆ ಸರಳವಾಗಿತ್ತು. "ಮೇಡಂ, ಉಳಿದ ಗಂಟು ಎಲ್ಲೈತ್ರಿ?"

ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಜೀವಶಾಸ್ತ್ರ ಕಲಿಸುವವಳು ನಾನು, ಪ್ರಶ್ನೆ ಕೇಳಿ ರೂಢಿ. ಅದೇ ಪ್ರಶ್ನೆಯನ್ನು ಕೇಳಲು ಅಕ್ಕನ ಗಂಡನಿಗೆ ಫೋನು ಮಾಡಿದೆ, ಅವರು ಎತ್ತಲಿಲ್ಲ.

ಗಂಟು ನನ್ನ ಅಕ್ಕನದು. ಇಂಡಿ ಪಟ್ಟಣದ ಹತ್ತಿರದ ನಿಂಬೆ ತೋಟದವರ ಮನೆಗೆ ಕೊಟ್ಟಿದ್ದೇವೆ ಅವಳನ್ನು. ಜಠರದ ಗೋಡೆಯಲ್ಲಿ ಬೆಳೆದಿದ್ದ ಆ ಗಂಟನ್ನು ವಿಜಯಪುರದಲ್ಲಿ ಆಪರೇಷನ್ ಮಾಡಿ ತೆಗೆದು ಮೂರು ವಾರವಾಗಿತ್ತು. ಮೋಸಂಬಿಯಷ್ಟು ದೊಡ್ಡದು, ನಾನೇ ಕಣ್ಣಾರೆ ನೋಡಿದ್ದೆ. ಆಸ್ಪತ್ರೆಯವರು ಅದನ್ನು ಎರಡು ಡಬ್ಬಿಗಳಲ್ಲಿ ಹಾಕಿ, ಲ್ಯಾಬಿಗೆ ಮುಟ್ಟಿಸಲು ಅಕ್ಕನ ಗಂಡನ ಕೈಗೆ ಕೊಟ್ಟಿದ್ದರು. ಲ್ಯಾಬಿಗೆ ಬಂದದ್ದು ಮಾತ್ರ ಅಡಿಕೆಯಷ್ಟು ಚೂರು. ಅದೂ ಗಂಟಿನ ನಡುವಿನ ಸತ್ತ ಮಾಂಸ.

ಮೊದಲ ವರದಿಯಲ್ಲಿ ಗಂಟು ಕೆಟ್ಟದ್ದೆಂಬ ಅನುಮಾನವಿತ್ತು. ಯಾವ ಜಾತಿಯ ಗಂಟು ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕಿತ್ತು. ಮೇಣದಲ್ಲಿ ಕೂರಿಸಿದ ಮಾಂಸವನ್ನು ತೆಳ್ಳಗೆ ಹೆರೆದು, ಜೀವಕೋಶದ ಮೇಲಿರುವ ಒಂದು ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಮದ್ದು ಹಾಕುತ್ತಾರೆ. ಆ ಪ್ರೋಟೀನು ಇದ್ದರೆ ಕಂದು ಬಣ್ಣ ಬರುತ್ತದೆ. ಕಂದು ಬಂದರೆ ಅಕ್ಕನಿಗೆ ದಿನಕ್ಕೊಂದು ಗುಳಿಗೆ, ಅದು ರೋಗವನ್ನು ಹಿಡಿದು ನಿಲ್ಲಿಸುತ್ತದೆ. ಬರದಿದ್ದರೆ ಆ ಗುಳಿಗೆ ಕೊಟ್ಟೂ ಉಪಯೋಗವಿಲ್ಲ. ಮನುಷ್ಯರ ಜಾತಿಯನ್ನು ಬಸ್ಸಿನ ಸೀಟಿನಲ್ಲಿ ಕೂತ ಐದು ನಿಮಿಷದಲ್ಲಿ ಪತ್ತೆ ಹಚ್ಚುವ ನಮ್ಮ ಜನಕ್ಕೆ, ಒಂದು ಗಂಟಿನ ಜಾತಿ ತಿಳಿಯಲು ಇಷ್ಟು ತಕರಾರು ಯಾಕೆ ಎಂಬುದೇ ಅರ್ಥವಾಗಲಿಲ್ಲ. ಸಿಂದಗಿಯಲ್ಲಿ ಔಷಧದ ಅಂಗಡಿ ಇಟ್ಟಿರುವ ಅಕ್ಕನ ಮೈದುನನಂತೂ ಅಲ್ಲಿಂದಲೇ ತೀರ್ಪು ಕೊಟ್ಟ. "ಒಮ್ಮೆ ತಪಾಸ ಆಗೇತಲ್ಲ, ಮತ್ತ್ಯಾಕ ಬಣ್ಣ? ಇದೆಲ್ಲಾ ಲ್ಯಾಬಿನವ್ರ ಧಂದೆ ಐತಿ." ನನಗೆ ಮೈಯೆಲ್ಲ ಉರಿದು ಹೋಯಿತು.

ಆದರೂ ಹಟ ಹಿಡಿದು ಮಾಡಿಸಿದೆ. ಸತ್ತ ಮಾಂಸ ಬಣ್ಣ ಹಿಡಿಯಲಿಲ್ಲ. ಅದಕ್ಕೇ ಡಾಕ್ಟರು ಉಳಿದ ಗಂಟನ್ನು ಕೇಳಿದ್ದು.

ರಜೆ ಬರೆದಿಟ್ಟು ಬಸ್ಸು ಹತ್ತಿದೆ. ಅಕ್ಕನ ಗಂಡ ಫೋನು ಎತ್ತಿದ್ದು ನಾನು ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ.

"ಮಾಮಾ, ಆಸ್ಪತ್ರ್ಯಾಗ ಎರಡು ಡಬ್ಬಿ ಕೊಟ್ಟಿದ್ರಲ್ಲ, ದೊಡ್ಡದೆಲ್ಲೈತ್ರಿ?"

"ಅದನ್ನ ಮನಿಗೆ ತಂದೇವಿ. ಲಿಂಬಿ ಗಿಡದ ಬುಡಕ ಮಣ್ಣ ಮಾಡೇವಿ. ವಿಭೂತಿ ಹಚ್ಚಿ, ಬಿಲ್ವಪತ್ರಿ ಇಟ್ಟು, ಎಲ್ಲಾ ಪದ್ಧತಿ ಪ್ರಕಾರ."

"ಪದ್ಧತಿ ಪ್ರಕಾರ!" ಎಂದು ನಾನು ಕಿರುಚಿದ್ದಕ್ಕೆ ಹೂ ಮಾರುವವಳು ಬುಟ್ಟಿಯನ್ನು ಅತ್ತ ಸರಿಸಿಕೊಂಡಳು. ನಾಚಿಕೆ ಬಿಟ್ಟು ಲ್ಯಾಬಿಗೆ ಫೋನು ಮಾಡಿ, ಅಗೆದು ತಂದರೆ ಆದೀತೇ ಎಂದೂ ಕೇಳಿದೆ. ಡಾಕ್ಟರು ಅಂದರು, "ಮಣ್ಣಾಗ ಹೋದದ್ದು ಹೋತ್ರಿ ಮೇಡಂ. ನಮ್ಮ ಕಡೆ ಮೇಣದಾಗ ಅಂಚಿನ್ಯಾಗ ಒಂದೀಟು ಉಳದೈತಿ. ಇನ್ನೊಂದು ಸಲ ನೋಡ್ತೇವಿ. ಅದು ಆಗಲಿಲ್ಲಂದ್ರ ಮುಂದ ಏನೂ ಇಲ್ಲ."

ಅಲ್ಲಿಂದ ಇಂಡಿಯವರೆಗೆ, ಎರಡು ಬಸ್ಸುಗಳಲ್ಲಿ, ನಾನು ಬೈಯುವ ಮಾತುಗಳನ್ನೇ ಜೋಡಿಸಿಕೊಳ್ಳುತ್ತ ಹೋದೆ.

ಅಕ್ಕ ಪಡಸಾಲೆಯಲ್ಲಿ ಕೂತು ನಿಂಬೆಹಣ್ಣು ಆರಿಸುತ್ತಿದ್ದಳು, ದಪ್ಪನೆಯದು ಒಂದು ಕಡೆ, ಸಣ್ಣದು ಒಂದು ಕಡೆ. ಆಪರೇಷನ್ ಆದವಳು ಮಲಗಬಾರದೇ ಎಂದು ಅದಕ್ಕೂ ಸಿಟ್ಟು ಬಂತು. ಚಪ್ಪಲಿ ಬಿಡುವ ಮೊದಲೇ ಅವಳ ಗಂಡನ ಮೇಲೆ ಹರಿಹಾಯ್ದೆ. ಓದಿದವರು ಹೀಗೆ ಮಾಡುತ್ತಾರೆಯೇ, ಲ್ಯಾಬಿಗೆ ಕೊಡಬೇಕಾದದ್ದನ್ನು ಹೂಳುತ್ತಾರೆಯೇ, ಒಂದು ಮಾತು ನನ್ನನ್ನು ಕೇಳಬಾರದಿತ್ತೇ. ಅವರು ನೀರಿನ ಚೊಂಬು ತಂದು ನನ್ನ ಮುಂದೆ ಇಟ್ಟರು.

"ಅವರಿಗ್ಯಾಕ ಬೈತಿ?" ಅಂದಳು ಅಕ್ಕ, ಹಣ್ಣಿನಿಂದ ಕಣ್ಣು ತೆಗೆಯದೆ. "ಮಣ್ಣ ಮಾಡ್ರಿ ಅಂದಾಕಿ ನಾನ. ಮಂಚದ ಕೆಳಗ ಡಬ್ಬಿ ಇತ್ತು, ಏನದು ಅಂತ ಕೇಳಿದೆ. ನಿನ್ನ ಗಂಟು ಅಂದ್ರು. ತಪಾಸ ಮಾಡಾಕ ಸಣ್ಣ ಡಬ್ಬಿ ಸಾಕಾಗ್ತೈತಿ, ನನ್ನ ಮೈಯಾಗಿಂದು ತಿಪ್ಪಿಗೆ ಹೋಗೂದು ಬ್ಯಾಡ ಅಂದೆ. ನೀನ ಹೇಳಿದ್ಯಲ್ಲ, ಬರೇ ಅಲ್ಸರಿನ ಗಂಟು, ತೆಗದ್ರ ಮುಗೀತು ಅಂತ. ಮುಗದದ್ದಕ್ಕ ಮಣ್ಣ ಕೊಡಬೇಕಲ್ಲ?"

ಆಪರೇಷನ್ನಿಗೆ ಮೊದಲೇ ಡಾಕ್ಟರು ಅನುಮಾನಪಟ್ಟಾಗ, ಅಲ್ಸರು ಎಂಬ ಸುಳ್ಳನ್ನು ಹೊಸೆದವಳು ನಾನೇ. ಕ್ಯಾನ್ಸರ್ ಎಂದರೆ ಅಕ್ಕ ಅಲ್ಲೇ ಕುಸಿಯುತ್ತಾಳೆ, ಯಾರೂ ಬಾಯಿ ಬಿಡಬೇಡಿ ಎಂದು ಮನೆಯವರಿಗೆಲ್ಲ ಆಣೆ ಹಾಕಿಸಿದ್ದೆ. ಅವಳ ಗಂಡ ಆ ಆಣೆಗೆ ಕಟ್ಟುಬಿದ್ದು, ದೊಡ್ಡ ಡಬ್ಬಿ ಲ್ಯಾಬಿಗೆ ಯಾಕೆ ಬೇಕೆಂದು ಹೆಂಡತಿಗೆ ಹೇಳಲಾರದೆ, ಅವಳು ಹೇಳಿದಂತೆ ಮಾಡಿದ್ದರು. ಮೂರು ವಾರ ಎಲ್ಲರಿಗೂ ಬೈದೆ. ಅಕ್ಕನನ್ನು ಒಂದು ಮಾತು ಕೇಳಿರಲಿಲ್ಲ.

ಅವತ್ತು ಅವಳ ಎದುರು ಕೂತು ಎಲ್ಲ ಹೇಳಿದೆ. ಕ್ಯಾನ್ಸರ್ ಎಂಬ ಮಾತನ್ನೂ ಹೇಳಿದೆ. ಅವಳು ಕುಸಿಯಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ಯಾವ ಕಡೆ ಹಾಕಬೇಕೆಂದು ತಿಳಿಯದೆ ಹಿಡಿದೇ ಕೂತಳು.

"ಬಣ್ಣ ಬರಲಿಲ್ಲಂದ್ರ?"

"ಆ ಗುಳಗಿ ನಡ್ಯಾಂಗಿಲ್ಲ, ಅಕ್ಕಾ."

"ನಂಗ ಹೇಳಿದ್ರ ಎರಡೂ ಡಬ್ಬಿ ನಾನ ಕೊಟ್ಟು ಕಳಸ್ತಿದ್ದೆ," ಅಂದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ವಾರ ತರಗತಿ ಮುಗಿಸಿ ಹೊರಗೆ ಬಂದಾಗ ವರದಿ ನನ್ನ ಮೊಬೈಲಿಗೆ ಬಂದಿತ್ತು. ಮೇಣದ ಅಂಚಿನಲ್ಲಿ ಉಳಿದಿದ್ದ ಅಷ್ಟರಲ್ಲಿ ಕಂದು ಬಣ್ಣ ಬಂದಿತ್ತು. ರೂಢಿಯಂತೆ ಬೆರಳು ಅವಳ ಗಂಡನ ನಂಬರಿನ ಮೇಲೆ ಹೋಯಿತು. ತಡೆದು ಅಕ್ಕನಿಗೇ ಮಾಡಿದೆ.

"ಬಣ್ಣ ಬಂತು ಅಕ್ಕಾ. ಗುಳಗಿ ನಡೀತೈತಿ."

ಅಕ್ಕ ಕೇಳಿದಳು, "ಖರೇನ? ಇಲ್ಲಾ ಇದೂ ಅಲ್ಸರಿನಂಗ?"

ವರದಿಯನ್ನು ಹಾಗೇ ಅವಳ ಮೊಬೈಲಿಗೆ ಕಳಿಸಿದೆ. ಅದು ಇಂಗ್ಲಿಷಿನಲ್ಲಿತ್ತು. ಅಕ್ಕ ಓದಿದ್ದು ಕನ್ನಡ ಸಾಲಿಯಲ್ಲಿ ಏಳನೆಯ ತರಗತಿಯವರೆಗೆ. ಓದಿ ಹೇಳಬೇಕಾದವಳು ಮತ್ತೆ ನಾನೇ.